ಮೂಗಿಗಿಂತ ಮೂಗುತಿ ಭಾರ: ಆಲ್ಬಂ ಡಬ್ಬಿಯೊಂದರ ಕಾಲ್ಪನಿಕ ಸಂದರ್ಶನ

ಕೊರಿಯಾದ ಪಾಪ್ ತಂಡಗಳು, ಅಂದರೆ ಕೆಪಾಪ್‌ನವರು, ತಮ್ಮ ಆಲ್ಬಂಗಳನ್ನು ತುಂಬಿ ಮಾರುವ ಡಬ್ಬಿಗಳ ವಿಷಯವನ್ನು ಹೊಸದಾಗಿ ವಿವರಿಸಬೇಕಿಲ್ಲ. ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನ ಮಕ್ಕಳು ಮನೆಯಲ್ಲಿದ್ದರೆ, ಕೊರಿಯರ್ ಬಂದ ದಿನ ಏನಾಗುತ್ತದೆ, ಬರದ ದಿನ ಏನಾಗುತ್ತದೆ ಎಂಬುದು ನಿಮಗೇ ಗೊತ್ತು. ಅಂಥ ಮಕ್ಕಳಿಲ್ಲದವರು ಪುಣ್ಯವಂತರು, ಪುಟ ತಿರುಗಿಸಬಹುದು.

ನನ್ನ ತಂಗಿಯ ಮನೆಗೂ ಒಂದು ಬಂದಿದೆ. ಒಂದೇ ಎಂದು ತಂಗಿ ನಂಬಿದ್ದಾಳೆ. ಮಂಚದ ಕೆಳಗೆ ಅದರ ಒಡಹುಟ್ಟಿದವು ಇನ್ನೂ ಇರುವುದು ನನಗೂ ನನ್ನ ಸೋದರಸೊಸೆಗೂ ಮಾತ್ರ ಗೊತ್ತಿರುವ ರಹಸ್ಯ. ಅವಳು ಶಾಲೆಗೆ ಹೋಗಿದ್ದಾಗ, ಓದುವ ಮೇಜಿನ ಮೇಲೆ ಗಣಿತದ ಪುಸ್ತಕವನ್ನು ಅಡಿಗೆ ಹಾಕಿಕೊಂಡು ಕುಳಿತಿದ್ದ ಡಬ್ಬಿಯನ್ನು ಮಾತಿಗೆಳೆದೆ. ತಂಡದ ಹೆಸರು ಹಾಕಬಾರದೆಂಬುದು ಡಬ್ಬಿಯ ಷರತ್ತು. ಅಭಿಮಾನಿಗಳ ಭಯ ಅದಕ್ಕೂ ಇದೆ, ನನಗೂ ಇದೆ.

ನಾನು: ನಮಸ್ಕಾರ. ಮೊದಲು ತಮ್ಮ ಪರಿಚಯ.

ಡಬ್ಬಿ: ನಮಸ್ಕಾರ ಸಾರ್. ನಾನು ಆಲ್ಬಂ. ಹುಟ್ಟಿದ್ದು ದಕ್ಷಿಣ ಕೊರಿಯಾ, ಸದ್ಯಕ್ಕೆ ಬೆಂಗಳೂರು.

ನಾನು: ಆಲ್ಬಂ ಅಂದರೆ ಹಾಡುಗಳಲ್ಲವೇ? ತಾವು ಬರೀ ಡಬ್ಬಿ.

ಡಬ್ಬಿ: ಅದು ನಿಮ್ಮ ಕಾಲದ ಲೆಕ್ಕ. ಹಾಡು ಫೋನಲ್ಲಿ ಪುಕ್ಕಟೆ ಸಿಗುತ್ತೆ. ದುಡ್ಡು ಕೊಟ್ಟು ಕೊಳ್ಳೋದು ನನ್ನನ್ನ. ಹಾಗಾದ್ರೆ ಆಲ್ಬಂ ಯಾರು, ನೀವೇ ಹೇಳಿ.

ನಾನು: ಕನ್ನಡ ಎಲ್ಲಿ ಕಲಿತಿರಿ?

ಡಬ್ಬಿ: ವಿಮಾನ ಇಳಿದ ಮೇಲೆ ಯಾವುದೋ ಗೋದಾಮಿನಲ್ಲಿ ಬಿದ್ದಿದ್ದೆ. ‘ಸಾಹೇಬ್ರು ಊಟಕ್ಕೆ ಹೋಗಿದಾರೆ’, ‘ನಾಳೆ ಬನ್ನಿ’, ‘ಸಿಸ್ಟಮ್ ಡೌನು’. ಇಷ್ಟು ಬಂದರೆ ಉಳಿದದ್ದು ತಾನಾಗೇ ಬರುತ್ತೆ ಅಂದ್ರು. ಬಂತು.

ನಾನು: ತಮ್ಮನ್ನು ಅಡುಗೆಮನೆಯ ತಕ್ಕಡಿ ಮೇಲೆ ಇಟ್ಟು ನೋಡಿದೆ. ಮುಕ್ಕಾಲು ಕಿಲೋ ಇದ್ದೀರಿ. ಒಳಗಿನ ಸಿಡಿ ಹೆಚ್ಚೆಂದರೆ ಹದಿನೈದು ಹದಿನಾರು ಗ್ರಾಂ. ಮಿಕ್ಕಿದ್ದೇನು?

ಡಬ್ಬಿ: ಹೊರಗಡೆ ಪ್ಲಾಸ್ಟಿಕ್ ಹಾಳೆ. ಅದರೊಳಗೆ ಜಾರುವ ಹೊದಿಕೆ. ಅದರೊಳಗೆ ನಾನು. ನನ್ನೊಳಗೆ ದಪ್ಪ ಕಾಗದದ ಫೋಟೋ ಪುಸ್ತಕ, ಮಡಿಸಿದ ಪೋಸ್ಟರು, ಸ್ಟಿಕ್ಕರು, ಪೋಸ್ಟ್‌ಕಾರ್ಡು, ಪುಸ್ತಕದಲ್ಲಿಡುವ ಗುರುತಿನ ಚೀಟಿ. ಹಿಂಬದಿ ರಟ್ಟಿನ ಒಳಮೈಗೆ ಅಂಟಿಕೊಂಡು ಸಿಡಿ. ಅಲ್ಲೇ ಎಲ್ಲೋ ಒಂದು ಲಕೋಟೆ, ಲಕೋಟೆಯೊಳಗೆ... (ಗಂಟಲು ಕಟ್ಟುತ್ತದೆ) ಅದರ ಮಾತು ಬೇಡ ಬಿಡಿ.

ನಾನು: ಹಾಡಿದವರ ಜೊತೆ ನುಡಿಸಿದವರು ಯಾರು ಅಂತ ಎಲ್ಲಾದರೂ ಬರೆದಿದೆಯೇ? ತಬಲಾ ಯಾರು, ಕೊಳಲು ಯಾರು...

ಡಬ್ಬಿ: ಲಕೋಟೆಯೊಳಗೆ ಒಂದು ಕಾರ್ಡ್ ಇರುತ್ತೆ ಸಾರ್.

ನಾನು: ನಾನು ತಬಲಾ ಕೇಳಿದೆ.

ಡಬ್ಬಿ: ನಾನು ಕಾರ್ಡಿನ ಮಾತಾಡ್ತಿದೀನಿ. ಐವತ್ತೈದು ಮಿಲಿಮೀಟರ್ ಅಗಲ, ಎಂಬತ್ತೈದು ಉದ್ದ. ಅಂಗೈಲಿ ಮುಚ್ಚಿಟ್ಟರೆ ಕಾಣಲ್ಲ. ತಂಡದಲ್ಲಿ ಏಳು ಹುಡುಗರಿದ್ದರೆ ಏಳರಲ್ಲಿ ಯಾರೋ ಒಬ್ಬನ ಫೋಟೋ. ಕನ್ನಡಿ ಮುಂದೆ ತಾನೇ ಹೊಡ್ಕೊಂಡ ಸೆಲ್ಫಿ! ನನ್ನ ಪುಸ್ತಕಕ್ಕೆ ಅದೇ ಹುಡುಗನನ್ನ ಸ್ಟುಡಿಯೋದಲ್ಲಿ ಕೂರಿಸಿ, ದೀಪ ಹಾಕಿ, ಬಟ್ಟೆ ಬದಲಾಯಿಸಿ ನೂರಾರು ಚಿತ್ರ ತೆಗೆದಿರ್ತಾರೆ. ಯಾರಿಗೂ ಬೇಡ. ಆ ಸೆಲ್ಫಿ ಬೇಕು. ಮೊನ್ನೆ ಈ ಮನೇಲಿ ನನ್ನ ಪ್ರವೇಶ ಹೇಗಾಯ್ತು ಕೇಳಿ. ಫೋನನ್ನ ಸ್ಟೀಲ್ ಡಬ್ಬಗಳಿಗೆ ಆನಿಸಿ ನಿಲ್ಲಿಸಿದಳು. ವಿಡಿಯೋ ಆನ್ ಆಯ್ತು. ಕೈ ತೊಳೆದು, ಒರೆಸಿ, ಬ್ಲೇಡಿನಲ್ಲಿ ಪ್ಲಾಸ್ಟಿಕ್ಕನ್ನ ನವಿರಾಗಿ ಸೀಳಿದಳು. ನಾನು ಅಂದ್ಕೊಂಡೆ, ಆಹಾ ಏನು ಮರ್ಯಾದೆ! ಪುಸ್ತಕ ತೆಗೆದು ಪಕ್ಕಕ್ಕಿಟ್ಟಳು. ಪೋಸ್ಟರು ಪಕ್ಕಕ್ಕೆ. ಲಕೋಟೆ ಸಿಕ್ಕಿದ್ದೇ ತಡ, ಉಸಿರು ಹಿಡಿದು, ಕಾರ್ಡನ್ನ ಬೆನ್ನು ಮೇಲಾಗಿ ಹೊರಗೆಳೆದಳು. ಉಗುರಿನ ತುದಿಯಿಂದ ಎರಡೂ ಅಂಚು ಹಿಡಿದು ನಿಧಾನಕ್ಕೆ ತಿರುಗಿಸಿದಳು. ‘ಅಯ್ಯೋ, ಮತ್ತೆ ಇವನೇ!’ ಅಂದಳು. ವಿಡಿಯೋ ಆಫ್. ಅಷ್ಟೇ ಸಾರ್ ನನ್ನ ಗೃಹಪ್ರವೇಶ.

ನಾನು: ಸಿಡಿ?

ಡಬ್ಬಿ: ನಡುವೆ ಸಿಡಿ ಹಿಡಿಯೋ ಪ್ಲಾಸ್ಟಿಕ್ ಹಲ್ಲುಗಳಿವೆ ನೋಡಿ, ಒಂದೂ ಬಗ್ಗಿಲ್ಲ. ಒಂದು ಸಲವೂ ಹೊರಗೆ ತೆಗೆದಿಲ್ಲ. ತೆಗೆದರೂ ಹಾಕೋದೆಲ್ಲಿ? ಲ್ಯಾಪ್‌ಟಾಪಿಗೆ ಬಾಯಿಲ್ಲ. ನಿಮ್ಮ ಭಾವನವರ ಹಳೇ ಕಾರಿಗೆ ಬಾಯಿದೆ, ಅದರೊಳಗೆ ಸುಪ್ರಭಾತ ಸಿಕ್ಕಿಹಾಕ್ಕೊಂಡಿದೆ.

(ಇದು ಈ ಮನೆಯೊಂದರ ಕತೆಯಲ್ಲ. ಕೊರಿಯಾದ ಗ್ರಾಹಕ ಸಂರಕ್ಷಣಾ ಸಂಸ್ಥೆ 2023ರಲ್ಲಿ ಅಭಿಮಾನಿಗಳನ್ನು ಕೇಳಿ ನೋಡಿತು. ಸಿಡಿ ಹಾಕಿ ಹಾಡು ಕೇಳುವವರು ನೂರಕ್ಕೆ 5.7 ಮಂದಿ. ಅರ್ಧಕ್ಕಿಂತ ಹೆಚ್ಚು ಜನ ಡಬ್ಬಿ ಕೊಳ್ಳುವುದು ಒಳಗಿನ ಕಾರ್ಡು ಗೀರ್ಡುಗಳನ್ನು ಕೂಡಿಡಲಿಕ್ಕೆ. ಇಂಥ ಲಾಟರಿ ಸಾಮಾನಿಗಾಗಿ ಒಬ್ಬರು ಒಂದೇ ಆಲ್ಬಂನ 90 ಪ್ರತಿ ಕೊಂಡಿದ್ದರು.)

ನಾನು: ಈ ಕಾರ್ಡಿನ ಚಾಳಿ ಯಾವಾಗ ಶುರುವಾಯಿತು?

ಡಬ್ಬಿ: 2010ರಲ್ಲಿ ಗರ್ಲ್ಸ್ ಜನರೇಷನ್ ತಂಡದ ‘ಓ!’ ಆಲ್ಬಂ ಕಾಲದಿಂದ ಅಂತಾರೆ ಹಿರಿಯರು. ಒಳಗೆ ಒಂದು ಕಾರ್ಡ್ ಇಟ್ಟರು, ಯಾರದ್ದು ಅಂತ ಹೇಳಲಿಲ್ಲ. ಅಷ್ಟೇ ತಂತ್ರ. ನನ್ನ ವಂಶ ಹಾಳಾದದ್ದು ಅಲ್ಲಿಂದ. ಅದಕ್ಕೆ ಮುಂಚೆ ನಮ್ಮ ವಂಶ ಎಂಥದ್ದು ಗೊತ್ತಾ ನಿಮಗೆ? ಗ್ರಾಮಫೋನ್ ತಟ್ಟೆಗಳು ಕಂದು ಕಾಗದದ ಚೀಲದಲ್ಲಿ ಬರ್ತಿದ್ದವು. 1940ರಲ್ಲಿ ಕೊಲಂಬಿಯಾ ಕಂಪನಿಯಲ್ಲಿ ಅಲೆಕ್ಸ್ ಸ್ಟೈನ್‌ವೈಸ್ ಅನ್ನೋ ಹರೆಯದ ಕಲಾವಿದ, ಇದರ ಮೇಲೆ ಚಿತ್ರ ಯಾಕಿರಬಾರದು ಅಂದ. ಚಿತ್ರ ಬಂದದ್ದೇ ತಡ, ಅಂಗಡಿ ಗಾಜಿನ ಹಿಂದೆ ನಮ್ಮನ್ನ ನಿಲ್ಲಿಸಿದರು. 1967ರಲ್ಲಿ ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದ ಆಲ್ಬಂ ಹೊದಿಕೆಗೆ ಕಲಾವಿದ ಆ್ಯಂಡಿ ವಾರ್ಹಾಲ್ ಬಾಳೆಹಣ್ಣಿನ ಚಿತ್ರ ಮಾಡಿ, ಸಿಪ್ಪೆ ಸುಲಿಯೋ ಹಾಗೆ ಮಾಡಿದ. 1971ರಲ್ಲಿ ರೋಲಿಂಗ್ ಸ್ಟೋನ್ಸ್‌ನವರ ‘ಸ್ಟಿಕಿ ಫಿಂಗರ್ಸ್’ಗೆ ಪ್ಯಾಂಟಿನ ಚಿತ್ರ, ಅದಕ್ಕೆ ನಿಜವಾದ ಜಿಪ್ಪು! ಒಂದರ ಮೇಲೊಂದು ಪೇರಿಸಿ ಲಾರೀಲಿ ಕಳಿಸಿದರೆ ಜಿಪ್ಪು ಒತ್ತಿ ರೆಕಾರ್ಡಿಗೇ ಗಾಯ. ಆಮೇಲೆ ಜಿಪ್ಪನ್ನ ಅರ್ಧಕ್ಕೆ ಇಳಿಸಿ ಕಳಿಸಿದರು, ಒತ್ತಿದರೂ ನಡುವಿನ ಲೇಬಲ್ ಮೇಲೆ ಒತ್ತಲಿ ಅಂತ.

ನಾನು: ಅಂದರೆ ಆಗಲೂ ಹೊದಿಕೆಯಿಂದ ಹಾಡಿಗೆ ಪೆಟ್ಟು.

ಡಬ್ಬಿ: ಆ ಬಾಳೆಹಣ್ಣಿನ ವರ್ಷವೇ, 1967ರಲ್ಲಿ, ಬೀಟಲ್ಸ್ ತಂಡದವರ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಂ. ಹಿಂಬದಿಯಲ್ಲಿ ಎಲ್ಲ ಹಾಡಿನ ಸಾಹಿತ್ಯ ಅಚ್ಚು ಹಾಕಿದರು. ಒಳಗೆ ಕತ್ತರಿಸಿ ಅಂಟಿಸಿಕೊಳ್ಳೋ ರಟ್ಟಿನ ಮೀಸೆ. ಉಚಿತ ಕೊಡುಗೆ ಅಂದ್ರೆ ಅದು ಸಾರ್! ಎಲ್ಲರಿಗೂ ಒಂದೇ ಮೀಸೆ. ಲಾಟರಿ ಇಲ್ಲ.

ನಾನು: ಅಲ್ಲೇ ನಿಲ್ಲಿ. ಮೀಸೆ ಕೊಟ್ಟರು ಸರಿ. ಆ ಆಲ್ಬಂನಲ್ಲಿ ತಂಡದ ಜಾರ್ಜ್ ಹ್ಯಾರಿಸನ್ನರ ಹಾಡೊಂದಿದೆ, ಮುಖ್ಯವಾಗಿ ನಮ್ಮ ವಾದ್ಯಗಳ ಮೇಲೆ ನಿಂತದ್ದು. ತಬಲಾ, ದಿಲ್‌ರುಬಾ, ತಂಬೂರಿ. ಲಂಡನ್ನಿನಲ್ಲಿದ್ದ ಭಾರತೀಯರು ಬಂದು ನುಡಿಸಿದ್ದು. ಸಾಹಿತ್ಯ ಪೂರ್ತಿ ಅಚ್ಚು ಹಾಕುವಷ್ಟು ಜಾಗವಿದ್ದ ಆ ಹೊದಿಕೆಯ ಮೇಲೆ ಅವರಲ್ಲಿ ಒಬ್ಬರ ಹೆಸರೂ ಇಲ್ಲ! ತಬಲಾ ನುಡಿಸಿದವರು ನಟವರ್ ಸೋನಿ ಎಂದು ಲೋಕಕ್ಕೆ ಗೊತ್ತಾಗಲು ದಶಕಗಳೇ ಹಿಡಿದವು. ಅದರ ಹಿಂದಿನ ವರ್ಷ, 1966ರಲ್ಲಿ, ಇದೇ ಬೀಟಲ್ಸ್‌ನವರು ‘ರಿವಾಲ್ವರ್’ ಹೊದಿಕೆಯ ಮೇಲೆ ತಬಲಾ ಅನಿಲ್ ಭಾಗವತ್ ಎಂದು ಮರ್ಯಾದೆಯಿಂದ ಹಾಕಿದ್ದರು. ಒಂದೇ ವರ್ಷದಲ್ಲಿ ತಬಲಾ ಹೋಗಿ ಮೀಸೆ ಬಂತು. ಇದಕ್ಕೆ ಏನು ಹೇಳುತ್ತೀರಿ?

ಡಬ್ಬಿ: ಸಾರ್, ಸಂದರ್ಶನ ನನ್ನದೋ ತಬಲಾದ್ದೋ?

ನಾನು: ಕ್ಷಮಿಸಿ. ಮುಂದುವರಿಸಿ.

ಡಬ್ಬಿ: ಮುಂದುವರಿಸೋಕೆ ಏನಿದೆ? ನನಗೆ ನಾಲ್ಕು ಅವತಾರ ಕೊಟ್ಟಿದಾರೆ. ಕೆಂಪು ಡಬ್ಬಿ, ನೀಲಿ ಡಬ್ಬಿ, ಬಿಳಿ ಡಬ್ಬಿ, ಕಪ್ಪು ಡಬ್ಬಿ. ಹಾಡು ಅವೇ, ಕ್ರಮವೂ ಅದೇ. ಕಾರ್ಡು ಮಾತ್ರ ಬೇರೆ. ಅಮೆರಿಕದಲ್ಲೂ ಇದೇ ನಡೀತಿದೆ. ಗಾಯಕಿ ಟೇಲರ್ ಸ್ವಿಫ್ಟಮ್ಮನವರು 2022ರಲ್ಲಿ ‘ಮಿಡ್‌ನೈಟ್ಸ್’ ಆಲ್ಬಂ ತಂದಾಗ ನಾಲ್ಕು ಬಗೆಯ ಹೊದಿಕೆ ಮಾಡಿ, ನಾಲ್ಕನ್ನೂ ಹಿಂದುಮುಂದು ಮಾಡಿ ಜೋಡಿಸಿದರೆ ಗಡಿಯಾರ ಆಗುತ್ತೆ ಅಂದ್ರು. ಗಡಿಯಾರ ಬೇಕಾದವರು ನಾಲ್ಕು ಕೊಂಡರು. ಆದರೆ ನೋಡಿ, ಅಲ್ಲಿ ಗಡಿಯಾರ ಆಗಿದ್ದು ಹೊದಿಕೆಗಳೇ! ನಮ್ಮೋರ ಮರ್ಯಾದೆ ಉಳೀತು. ನಮ್ಮ ಕಡೆ ಹಾಗಲ್ಲ. ಎಲ್ಲ ಆ ಕಾರ್ಡಿಗೆ.

ನಾನು: ಪ್ಲಾಸ್ಟಿಕ್ ವಿಷಯಕ್ಕೆ ಬರೋಣ. ಕೊರಿಯಾದ ಪರಿಸರ ಇಲಾಖೆಯ ಲೆಕ್ಕದಂತೆ ಮನರಂಜನಾ ಕಂಪನಿಗಳು ಆಲ್ಬಂ ಮತ್ತು ಅದರ ಸಾಮಾನಿಗೆ ಬಳಸಿದ ಪ್ಲಾಸ್ಟಿಕ್ 2017ರಲ್ಲಿ 55.8 ಟನ್ ಇತ್ತು, 2022ರಲ್ಲಿ 801.5 ಟನ್ ಆಯಿತು. ಹತ್ತು ಟನ್ನಿನ ಲಾರಿಯಾದರೆ ಎಂಬತ್ತು ಲೋಡು.

ಡಬ್ಬಿ: ಆ ಕಾರ್ಡಿಗೂ ಪ್ಲಾಸ್ಟಿಕ್ ಲೇಪ ಇದೆ ಸಾರ್. ಅದನ್ನ ಮತ್ತೆ ಪ್ಲಾಸ್ಟಿಕ್ ಕವರಿಗೆ ಹಾಕ್ತಾರೆ. ಆ ಕವರನ್ನ ಟಾಪ್‌ಲೋಡರ್ ಅಂತ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿಗೆ ಹಾಕ್ತಾರೆ. ಚೌಕಟ್ಟಿಗೆ ಸ್ಟಿಕ್ಕರ್ ಹಚ್ಚಿ ಅಲಂಕಾರ ಬೇರೆ. ಮಳೆ ಬಂದರೆ ನನ್ನ ತಲೆ ಮೇಲೆ ಒಂದು ಪೇಪರ್ ಹಾಕೋರಿಲ್ಲ.

ನಾನು: ಟೋಕಿಯೊದ ಶಿಬುಯಾದಲ್ಲಿ 2024ರಲ್ಲಿ ತಮ್ಮ ಕುಲದವರನ್ನು ರಸ್ತೆಬದಿ ರಾಶಿ ಹಾಕಿ, ಬೇಕಾದವರು ಒಯ್ಯಿರಿ ಎಂದು ಚೀಟಿ ಬರೆದಿಟ್ಟು ಹೋದ ಫೋಟೋಗಳು ಎಲ್ಲೆಡೆ ಹರಿದಾಡಿದವು.

ಡಬ್ಬಿ: ಆ ಫೋಟೋ ಸರಿಯಾಗಿ ನೋಡಿದ್ರಾ? ಡಬ್ಬಿ ಇತ್ತು, ಪುಸ್ತಕ ಇತ್ತು, ಸಿಡಿ ಇತ್ತು. ಕಾರ್ಡ್ ಇತ್ತಾ? ಒಂದಾದರೂ ಇತ್ತಾ ಹೇಳಿ ನೋಡೋಣ!

ನಾನು: ಹೋಗಲಿ, ಸಿಡಿ ಇಲ್ಲದ ಆಲ್ಬಮ್ಮೂ ಬಂದಿದೆಯಂತೆ.

ಡಬ್ಬಿ: (ಏದುಸಿರು ಬಿಡುತ್ತ) 2022. ಬಿಟಿಎಸ್ ತಂಡದ ಜೆ-ಹೋಪ್. ಆಲ್ಬಂ ಹೆಸರು ‘ಜ್ಯಾಕ್ ಇನ್ ದ ಬಾಕ್ಸ್’. ಬಾಕ್ಸ್ ಅಂತ ಹೆಸರಿಟ್ಟು ಬಾಕ್ಸಿನ ಹೊಟ್ಟೆಯನ್ನೇ ಖಾಲಿ ಮಾಡಿದರು. ಪರಿಸರ ಉಳಿಸ್ತೀವಿ ಅಂತ ಸಿಡಿ ತೆಗೆದರು, ಅದರ ಬದಲು ಕ್ಯೂಆರ್ ಚೀಟಿ. ಒಳ್ಳೇದು. ಸಂತೋಷ. ಸಿಡಿ ಹೋದರೂ ಒಳಗೆ ಏನು ಉಳಿಸ್ಕೊಂಡರು, ಹೇಳಿ? ಕಾರ್ಡು! ಹಾಡು ಹೋಗಬಹುದು, ಕಾರ್ಡ್ ಹೋಗಂಗಿಲ್ಲ! ಇದಕ್ಕಿಂತ ಅವಮಾನ ಬೇಕಾ?

ನಾನು: ಮಿನ್ ಹೀ-ಜಿನ್ ಎಂಬವರು, ನ್ಯೂಜೀನ್ಸ್ ತಂಡ ಕಟ್ಟಿದ ಹೆಂಗಸು, 2024ರ ಏಪ್ರಿಲ್‌ನಲ್ಲಿ ಪತ್ರಿಕಾಗೋಷ್ಠಿ ಕರೆದು ಈ ಗುಟ್ಟಿನ ಕಾರ್ಡುಗಳ ವ್ಯಾಪಾರವನ್ನೂ, ಲೆಕ್ಕ ಹಿಗ್ಗಿಸಲು ಡಬ್ಬಿಗಳನ್ನು ಅಂಗಡಿಗಳಿಗೆ ತಳ್ಳುವುದನ್ನೂ ಬಾಯಿಗೆ ಬಂದಂತೆ ಬೈದರು. ಒಳಗಿನವರೇ ಬೈದದ್ದು.

ಡಬ್ಬಿ: ಅವರ ಹೆಸರು ಎತ್ತಬೇಡಿ, ನಮ್ಮ ಮನೇಲಿ ಅದೊಂದು ದೊಡ್ಡ ಕೋರ್ಟು ಕತೆ.

ನಾನು: ನಮ್ಮಲ್ಲಿ ಹೀಗಿರಲಿಲ್ಲ ನೋಡಿ. ಕ್ಯಾಸೆಟ್ ಕಾಲ. 1978ರಲ್ಲಿ ‘ನಿತ್ಯೋತ್ಸವ’ ಬಂತು. ನಿಸಾರ್ ಅಹಮದರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. ಕನ್ನಡ ಭಾವಗೀತೆಯ ಮೊದಲ ಧ್ವನಿಸುರುಳಿ. ಆಮೇಲೆ ಮನೆಮನೆಗೆ ಕ್ಯಾಸೆಟ್ ಬಂತು. ಪಾರದರ್ಶಕ ಪೆಟ್ಟಿಗೆಯೊಳಗೆ ಮೂರು ಮಡಿಕೆಯ ಒಂದು ಕಾಗದ. ಬೆನ್ನ ಮೇಲೆ ಹೆಸರು, ಒಳಗೆ ಎ ಬದಿ ಬಿ ಬದಿಯ ಹಾಡುಗಳು, ಕವಿಯ ಹೆಸರು, ಗಾಯಕರ ಹೆಸರು, ಅದರ ಕೆಳಗೆ ತಬಲಾ, ಕೊಳಲು, ಸಿತಾರ್, ಕೀಬೋರ್ಡ್, ರಿದಂ ಪ್ಯಾಡ್, ಧ್ವನಿಮುದ್ರಣ. ಟೇಪ್ ಸುತ್ತಿಕೊಂಡಾಗ ಪೆನ್ಸಿಲ್ ತೂರಿಸಿ ತಿರುಗಿಸುತ್ತ ಆ ಕಾಗದ ಓದುವುದೇ ಒಂದು...

ಡಬ್ಬಿ: ಆ ಹೆಸರುಗಳನ್ನ ಓದ್ತಿದ್ರಾ?

ನಾನು: ಓದುತ್ತಿದ್ದೆ.

ಡಬ್ಬಿ: ನಿಮ್ಮನ್ನ ಬಿಟ್ಟು?

ನಾನು: ಮುಂದಿನ ಪ್ರಶ್ನೆ.

ಡಬ್ಬಿ: ಇರಿ ಸಾರ್. ನನ್ನ ಪುಸ್ತಕದ ಕೊನೇ ಪುಟ ತೆಗೀರಿ. ತೆಗೀರಿ, ಕೈ ಒರೆಸಿಕೊಂಡು. ಬೂದು ಕಾಗದದ ಮೇಲೆ ಬೂದು ಅಕ್ಷರದಲ್ಲಿ ಇದೆ ನೋಡಿ. ಒಂದೊಂದು ಹಾಡಿಗೂ ಬರೆದವರು, ರಾಗ ಹಾಕಿದವರು, ಜೋಡಿಸಿದವರು, ಹಿಂದೆ ದನಿ ಕೊಟ್ಟವರು, ರೆಕಾರ್ಡಿಂಗ್ ಯಾವ ಸ್ಟುಡಿಯೋ, ಮಿಕ್ಸಿಂಗ್ ಯಾರು, ಮಾಸ್ಟರಿಂಗ್ ಯಾರು. ಒಂದು ಹಾಡಿಗೆ ಆರೇಳು ಹೆಸರು. ನಡುನಡುವೆ ಸ್ವೀಡನ್ನಿನವರೂ ಇದಾರೆ. ನಿಮ್ಮ ಕ್ಯಾಸೆಟ್ಟಿಗಿಂತ ಹೆಚ್ಚೇ ಇದೆ.

(ಇದೆ. ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ನಮ್ಮಲ್ಲಿ ಈಗ ಹಾಡು ಕೇಳಿಸುವ ಆ್ಯಪುಗಳಲ್ಲಿ ಹಳೆಯ ಭಾವಗೀತೆ ಹಾಕಿದರೆ ಎಷ್ಟೋ ಸಲ ಕವಿಯ ಹೆಸರೇ ಕಾಣುವುದಿಲ್ಲ, ಇನ್ನು ತಬಲಾ ಎಲ್ಲಿಂದ ಬರಬೇಕು. ಕೊರಿಯಾದವರು ಕಾರ್ಡು ಮಾರುವ ಡಬ್ಬಿಯಲ್ಲೂ ಮಿಕ್ಸಿಂಗ್ ಮಾಡಿದವನ ಹೆಸರು ಹಾಕಿದ್ದಾರೆ. ಈ ಮಾತನ್ನು ಒಪ್ಪಿ ಬರೆಯಲು ನನಗೆ ಹೊಟ್ಟೆ ಉರಿಯುತ್ತದೆ, ಆದರೂ ಬರೆದಿದ್ದೇನೆ.)

ನಾನು: ತಬಲಾ?

ಡಬ್ಬಿ: ಕಂಪ್ಯೂಟರು ಸಾರ್.

ನಾನು: ಸರಿ.

ಡಬ್ಬಿ: ನಿಮ್ಮಲ್ಲಿ ಮಾತ್ರ ಏನು ಕಮ್ಮಿ? ಸಿನಿಮಾ ಹಾಡುಗಳ ಬಿಡುಗಡೆ ಅಂತ ಇವತ್ತಿಗೂ ವೇದಿಕೆ ಮೇಲೆ ಬಣ್ಣದ ಕಾಗದ ಸುತ್ತಿದ ಡಬ್ಬಿ ತರ್ತಾರಲ್ಲ. ಗಣ್ಯರೆಲ್ಲ ಸೇರಿ ರಿಬ್ಬನ್ ಎಳೀತಾರೆ. ಒಳಗಿಂದ ಒಬ್ಬೊಬ್ಬರಿಗೆ ಒಂದೊಂದು ಸಿಡಿ ಕವರು. ಎಲ್ಲರೂ ಎದೆಯ ಮಟ್ಟಕ್ಕೆ ಹಿಡಿದು ಕ್ಯಾಮೆರಾಕ್ಕೆ ಹಲ್ಲು ಬಿಡ್ತಾರೆ. ಎಷ್ಟೋ ಸಲ ಕವರಿನೊಳಗೆ ಸಿಡಿಯೇ ಇರಲ್ಲ, ಅಂಗಡೀಲಂತೂ ಸಿಗೋದೇ ಇಲ್ಲ. ನಾನಾದರೂ ತುಂಬಿದ ಡಬ್ಬಿ.

ಈ ಹಂತದಲ್ಲಿ ಬಾಗಿಲು ತೆರೆದು ಸೋದರಸೊಸೆ ಬಂದಳು. ಶಾಲೆಯ ಚೀಲ ಇನ್ನೂ ಬೆನ್ನ ಮೇಲೇ ಇತ್ತು.

‘ಮಾಮ! ಕೈ ತೊಳ್ಕೊಂಡು ಮುಟ್ಟಿದ್ದಾ?’

ತೊಳೆದಿದ್ದೆ ಎಂದೆ. ಅಂಚು ಮಡಿಚಿದೆಯೇ ಎಂದು ಪರೀಕ್ಷೆ ನಡೆಯಿತು. ಸಿಕ್ಕಿದ ಅವಕಾಶ ಬಿಡಬಾರದೆಂದು ಗಣಿತ ತೆಗೆದೆ. ತಂಡದಲ್ಲಿ ಏಳು ಜನ, ಡಬ್ಬಿಗೆ ಒಂದು ಕಾರ್ಡು, ಏಳೂ ಸಮನಾಗಿ ಹಂಚಿದ್ದಾರೆ ಎಂದಿಟ್ಟುಕೋ. ಏಳೂ ಮುಖ ಕೈಗೆ ಬರಬೇಕಾದರೆ ಸರಾಸರಿ ಹದಿನೆಂಟು ಡಬ್ಬಿ ಕೊಳ್ಳಬೇಕಾಗುತ್ತದೆ. ಕೊನೆಯ ಒಂದು ಮುಖಕ್ಕೇ ಸರಾಸರಿ ಏಳು ಡಬ್ಬಿ. ಹದಿಮೂರು ಜನರ ತಂಡವಾದರೆ ನಲವತ್ತೊಂದು. ಇದು ಒಂದು ಬಣ್ಣದ ಡಬ್ಬಿಯ ಲೆಕ್ಕ, ನಾಲ್ಕು ಬಣ್ಣಕ್ಕೆ ನೀನೇ ಗುಣಿಸು.

‘ಗೊತ್ತು ಮಾಮ. ನಮ್ಮನ್ನೇನು ದಡ್ಡರು ಅಂದ್ಕೊಂಡಿದೀರಾ? ಕ್ಲಾಸಲ್ಲಿ ಬದಲಾಯಿಸ್ಕೋತೀವಿ. ಎಲ್ಲರೂ ಸೇರಿ ಒಟ್ಟಿಗೆ ತರಿಸಿದರೆ ಶಿಪ್ಪಿಂಗೂ ಕಮ್ಮಿ.’

ಹಾಗಾದರೆ ಮಂಚದ ಕೆಳಗಿರುವವು ಯಾಕೆ ಎಂದು ಪಿಸುಗುಟ್ಟಿದೆ.

‘ಮೊದಲ ವಾರದ ಸೇಲ್ಸ್ ಕಮ್ಮಿ ಆದರೆ ಎಲ್ಲರೂ ಅವರನ್ನ ಆಡ್ಕೋತಾರೆ ಮಾಮ. ನಾವೂ ತಗೊಳ್ದೆ ಹೋದರೆ ಅವರಿಗೆ ಯಾರಿದಾರೆ?’

ಅವಳು ಕೈಕಾಲು ತೊಳೆಯಲು ಹೋದಳು. ಡಬ್ಬಿ ಮತ್ತೆ ಕಾರ್ಡಿನ ಮಾತು ತೆಗೆಯಿತು. ನಾನು ಕೇಳಿಸಿಕೊಳ್ಳಲಿಲ್ಲ.

‘ಅವರಿಗೆ ಯಾರಿದಾರೆ’ ಎಂಬ ಈ ಮಾತನ್ನು ಹದಿನೈದರ ಹುಡುಗಿಯ ಬಾಯಿಗೆ ಹಾಕಿದವರು ಯಾರು? 2023ರಲ್ಲಿ ಕೊರಿಯಾದ ಆಲ್ಬಂಗಳ ಮಾರಾಟ ಹತ್ತು ಕೋಟಿ ಪ್ರತಿ ದಾಟಿತು. ಅದೇ ವರ್ಷ ಸೆವೆಂಟೀನ್ ತಂಡದ ‘ಎಫ್‌ಎಂಎಲ್’ ಮೊದಲ ವಾರವೇ 45 ಲಕ್ಷಕ್ಕೂ ಹೆಚ್ಚು ಹೋಯಿತು. ಇವುಗಳ ಹಿಂದಿರುವುದು ಕೋಟಿಗಟ್ಟಲೆ ಬಂಡವಾಳದ, ಷೇರುಪೇಟೆಯಲ್ಲಿ ಕುಳಿತಿರುವ ಕಂಪನಿಗಳು. ಇವರ ತಂಡಗಳ ಮಾನ ಉಳಿಸುವ ಹೊಣೆ ಬೆಂಗಳೂರಿನ ಒಬ್ಬ ಹೈಸ್ಕೂಲು ಹುಡುಗಿಯ ಹುಟ್ಟುಹಬ್ಬದ ದುಡ್ಡಿನ ಮೇಲಿದೆಯಂತೆ. ಮಗುವಿನ ಪ್ರೀತಿಯನ್ನು ಮೊದಲ ವಾರದ ಅಂಕಿಯಾಗಿ ಅಳೆಯುವ ಪಟ್ಟಿ ಇಟ್ಟರು. ಆ ಪಟ್ಟಿಯಲ್ಲಿ ಮೇಲೆ ಹೋಗಲು ಡಬ್ಬಿ ಇಟ್ಟರು. ಡಬ್ಬಿಯೊಳಗೆ ಗುಟ್ಟಿನ ಕಾರ್ಡು ಇಟ್ಟರು. ಹೆಚ್ಚು ಡಬ್ಬಿ ಕೊಂಡಷ್ಟೂ ಗಾಯಕರನ್ನು ಎದುರಿಗೆ ಕಂಡು ಸಹಿ ಹಾಕಿಸಿಕೊಳ್ಳುವ ಚೀಟಿ ಎತ್ತುವಾಗ ನಿಮ್ಮ ಹೆಸರಿನ ಚೀಟಿಗಳು ಹೆಚ್ಚು ಎಂದರು. ಇದರಲ್ಲಿ ಸಂಗೀತ ಎಲ್ಲಿದೆ? ಇದು ಜೂಜು. ಕರ್ನಾಟಕದಲ್ಲಿ ಲಾಟರಿ ಮಾರಾಟವನ್ನು 2007ರಲ್ಲಿ ನಿಲ್ಲಿಸಿದರು. ಕೂಲಿ ದುಡ್ಡು ತಂದು ಮನೆಗೆ ಕೊಡುವ ಬದಲು ಬಸ್‌ ಸ್ಟ್ಯಾಂಡಿನ ಲಾಟರಿ ಅಂಗಡಿಗೆ ಸುರಿದು ಮನೆಗಳು ಹಾಳಾಗುತ್ತಿದ್ದುದನ್ನು ಕಂಡೇ ನಿಲ್ಲಿಸಿದ್ದು. ಆ ಟಿಕೆಟ್ ಕೊಳ್ಳುತ್ತಿದ್ದವರು ದೊಡ್ಡವರು, ತಮ್ಮ ದುರಾಸೆಗೆ ತಾವೇ ಹೊಣೆ. ಈ ಟಿಕೆಟ್ ಕೊಳ್ಳುವವರು ಮಕ್ಕಳು, ದುರಾಸೆಗಲ್ಲ, ಅಕ್ಕರೆಗೆ. ಅಕ್ಕರೆಯನ್ನು ಹಿಂಡುವುದು ದುರಾಸೆಯನ್ನು ಹಿಂಡುವುದಕ್ಕಿಂತ ಹೇಸಿಗೆಯ ಕೆಲಸ.

ಇದನ್ನು ಮೊದಲು ಹೇಳಿದವರು ನನ್ನಂಥ ಮಾಮಂದಿರಲ್ಲ ಎಂಬುದನ್ನೂ ಹೇಳಬೇಕು. ಹೇಳಿದವರು ಅಭಿಮಾನಿಗಳೇ. ಕೆಪಾಪ್ ಫಾರ್ ಪ್ಲಾನೆಟ್ ಎಂಬ ಗುಂಪನ್ನು 2021ರಲ್ಲಿ ಕಟ್ಟಿದವರು ಕೊರಿಯಾದ ಮತ್ತು ಇಂಡೊನೇಷ್ಯಾದ ಹುಡುಗಿಯರು. ಬೇಡವಾದ ಡಬ್ಬಿಗಳನ್ನು ಸಾವಿರಗಟ್ಟಲೆ ಒಟ್ಟು ಮಾಡಿ ಕಂಪನಿಗಳಿಗೇ ವಾಪಸ್ ಕಳಿಸಿದರು. ಹಾಡು ಬೇಡವೆನ್ನಲಿಲ್ಲ, ತಂಡ ಬೇಡವೆನ್ನಲಿಲ್ಲ. ನಮ್ಮ ಮೇಲೆ ಕಸ ಹೊರಿಸಬೇಡಿ ಎಂದರು.

ನಾನು: ಕೇಳಿಸಿಕೊಂಡಿರಾ?

ಡಬ್ಬಿ: ಕೇಳಿಸಿಕೊಂಡೆ. ನನ್ನ ಮೇಲೆ ಯಾಕೆ ಸಿಟ್ಟು? ನಾನು ಬರೀ ಡಬ್ಬಿ ಸಾರ್.

ನಾನು: ಈಗ ಬರೀ ಡಬ್ಬಿ. ಮೊದಲು ಆಲ್ಬಂ ಆಗಿದ್ದಿರಿ.

ಡಬ್ಬಿ: ನೀವು ಹುಡುಗರಾಗಿದ್ದಾಗ ಬಬಲ್‌ಗಮ್ ಜೊತೆ ಕ್ರಿಕೆಟಿಗರ ಚೀಟಿ ಬರ್ತಿತ್ತಲ್ಲ, ಅದೇನು ಧರ್ಮಕಾರ್ಯನಾ?

ನಾನು: ಅಲ್ಲ. ಆದರೆ ಬಬಲ್‌ಗಮ್ಮನ್ನು ಅಗಿಯುತ್ತಿದ್ದೆವು. ಚೀಟಿ ತೆಗೆದುಕೊಂಡು ಬಬಲ್‌ಗಮ್ಮನ್ನು ಶಿಬುಯಾದಲ್ಲಿ ರಾಶಿ ಹಾಕುತ್ತಿರಲಿಲ್ಲ. ಅದೂ ಅಲ್ಲದೆ, ನಾನು ಬಬಲ್‌ಗಮ್ ಕೊಳ್ಳದಿದ್ದರೆ ಕಪಿಲ್ ದೇವ್‌ಗೆ ಯಾರಿದ್ದಾರೆ ಎಂದು ರಾತ್ರಿ ನಿದ್ದೆಗೆಟ್ಟವನಲ್ಲ. ಕೊನೆಯ ಪ್ರಶ್ನೆ. ಒಳಗಿರುವ ಕಾರ್ಡು ಯಾರದ್ದು ಎಂದು ತಮ್ಮ ಬೆನ್ನ ಮೇಲೆ ಅಚ್ಚು ಹಾಕಿಬಿಟ್ಟರೆ ಏನಾಗುತ್ತದೆ?

ಡಬ್ಬಿ: ಅಯ್ಯೋ! ಬೇಕಾದ್ದು ನೋಡಿ ಒಂದೊಂದೇ ಕೊಂಡ್ಕೋತಾರೆ.

ನಾನು: ಅಷ್ಟೇ ತಾನೆ?

ಡಬ್ಬಿ: ಅಷ್ಟೇ ಅಂದ್ರೆ? ಒಂದೊಂದೇ ಕೊಳ್ಳೋದಾದರೆ ನನ್ನ ಯಾಕೆ ಇಷ್ಟು ದಪ್ಪ ಮಾಡ್ತಿದ್ರು ಸಾರ್?

ಸಂದರ್ಶನ ಇಲ್ಲಿಗೆ ಮುಗಿಯಿತು. ಇನ್ನು ತಂದೆತಾಯಿಯರಲ್ಲಿ ಒಂದು ವಿನಂತಿ. ಡಬ್ಬಿ ಬಂದಾಗ ಬೈಯಬೇಡಿ, ಹಾಡಿನ ಬಗ್ಗೆ ಹಗುರವಾಗಿ ಮಾತಾಡಬೇಡಿ, ಕೊರಿಯಾದ ಹುಡುಗರ ಕೂದಲಿನ ಬಣ್ಣದ ತಂಟೆಗಂತೂ ಹೋಗಲೇಬೇಡಿ. ಮಕ್ಕಳ ಕೈಗೆ ಲೂಡೋ ಆಟದ ದಾಳವೊಂದನ್ನು ಕೊಡಿ. ಆರೂ ಮುಖ ಒಮ್ಮೆಯಾದರೂ ಬೀಳುವ ತನಕ ಎಸೆಯಲು ಹೇಳಿ, ಪ್ರತಿ ಎಸೆತಕ್ಕೂ ಒಂದು ಡಬ್ಬಿಯ ಬೆಲೆಯನ್ನು ಅವರೇ ಬರೆದುಕೊಳ್ಳಲಿ. ಸರಾಸರಿ ಹದಿನಾಲ್ಕೋ ಹದಿನೈದೋ ಎಸೆತ ಬೇಕಾಗುತ್ತದೆ. ಕೂಡುವುದನ್ನೂ ಅವರಿಗೇ ಬಿಡಿ.